ತಕ್ಕಡಿಯೂ ಮೆಟ್ಟಿಲೂ: ದೇಹತೂಕದ ನಾಲ್ಕು ಶತಮಾನಗಳ ಕತೆ



ಒಂದು ಕಾಲದಲ್ಲಿ ನಮ್ಮ ದೊಡ್ಡ ರೈಲು ನಿಲ್ದಾಣಗಳ ಪ್ಲಾಟ್‌ಫಾರಂ ಮೇಲೆ ತೂಕದ ಯಂತ್ರಗಳಿದ್ದವು. ಹತ್ತಿ ನಿಂತು, ಬಣ್ಣದ ದೀಪಗಳು ಮಿನುಗುವುದನ್ನು ನೋಡಿ, ನಾಣ್ಯ ಹಾಕಿದರೆ 'ಟಕ್' ಎಂದು ದಪ್ಪ ಕಾಗದದ ಒಂದು ಪುಟ್ಟ ಚೀಟಿ ಬೀಳುತ್ತಿತ್ತು. ಅದರಲ್ಲಿ ನಿಮ್ಮ ತೂಕವೂ ಇರುತ್ತಿತ್ತು, ನಿಮ್ಮ ಭವಿಷ್ಯವೂ ಇರುತ್ತಿತ್ತು. ಭವಿಷ್ಯವನ್ನು ಓದಿ ಎಲ್ಲರೂ ನಗುತ್ತಿದ್ದರು; ತೂಕವನ್ನು ಮಾತ್ರ ನಂಬುತ್ತಿದ್ದರು. ಇಂದು ಆ ಯಂತ್ರಗಳು ಅಪರೂಪವಾಗಿವೆ. ಆದರೆ ತೂಕದ ಅಂಕಿಯನ್ನೇ ಭವಿಷ್ಯವೆಂದು ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ.

ನಿಮ್ಮ ತರಗತಿಯನ್ನೇ ನೆನೆಸಿಕೊಳ್ಳಿ. ಅಲ್ಲಿ ಒಬ್ಬನಿಗೆ 'ಗುಂಡಣ್ಣ' ಎಂಬ ಹೆಸರಿರುತ್ತದೆ, ಇನ್ನೊಬ್ಬನಿಗೆ 'ಕಡ್ಡಿ ಪೈಲ್ವಾನ್' ಎಂಬ ಬಿರುದಿರುತ್ತದೆ. ಯಾರೋ ಒಬ್ಬಳು ಬೆಳಗಿನ ತಿಂಡಿ ಬಿಟ್ಟಿರುತ್ತಾಳೆ; ಕಾರಣ ಕೇಳಿದರೆ 'ಹಸಿವಿಲ್ಲ' ಎನ್ನುತ್ತಾಳೆ. ಮದುವೆ ಮನೆಯಲ್ಲಿ ಸಿಕ್ಕ ಬಂಧುಗಳು ಮೊದಲು ಕೇಳುವ ಪ್ರಶ್ನೆ 'ಚೆನ್ನಾಗಿದ್ದೀಯಾ?' ಎಂದಲ್ಲ, 'ಏನಿಷ್ಟು ದಪ್ಪ ಆಗಿದ್ದೀಯ?' ಅಥವಾ 'ಏನಿಷ್ಟು ಸೊರಗಿದ್ದೀಯ?' ಎಂದು.

ಮನುಷ್ಯನನ್ನು ತೂಗಬೇಕೆಂದು ಮೊದಲು ಯಾರಿಗೆ ತೋಚಿತು? ಆ ಅಂಕಿ ತೀರ್ಪಾದದ್ದು ಯಾವಾಗ? ಓಡಾಡುವ ದೇಹಕ್ಕೂ ಕುಳಿತ ದೇಹಕ್ಕೂ ಇರುವ ವ್ಯತ್ಯಾಸವನ್ನು ಕಂಡುಹಿಡಿದವರು ಯಾರು? ಇವು ಎರಡು ಬೇರೆ ಬೇರೆ ಚರಿತ್ರೆಗಳು. ಒಂದು ತಕ್ಕಡಿಯ ಚರಿತ್ರೆ, ಇನ್ನೊಂದು ಮೆಟ್ಟಿಲಿನ ಚರಿತ್ರೆ. ಎರಡನ್ನೂ ಒಟ್ಟಿಗೆ ಓದಿದರೆ ನಿಮ್ಮ ದೇಹವನ್ನು ನೋಡುವ ನಿಮ್ಮ ದೃಷ್ಟಿಯೇ ಸ್ವಲ್ಪ ಬದಲಾಗಬಹುದು.

ತೂಗುವ ಕುರ್ಚಿ

ಕತೆ ಆರಂಭವಾಗುವುದು ಇಟಲಿಯಲ್ಲಿ. ಪಾಡುವಾ ಮತ್ತು ವೆನಿಸ್ ನಗರಗಳಲ್ಲಿದ್ದ ಸ್ಯಾಂಟೋರಿಯೊ ಎಂಬ ವೈದ್ಯ (1561–1636) ಒಂದು ದೊಡ್ಡ ತಕ್ಕಡಿಯ ತೋಳಿಗೆ ಕುರ್ಚಿಯೊಂದನ್ನು ತೂಗುಹಾಕಿದ. ಊಟದ ಮೊದಲು, ಊಟದ ನಂತರ, ನಿದ್ರೆಯ ನಂತರ ತನ್ನನ್ನು ತಾನೇ ತೂಗಿಕೊಂಡ. ತಿಂದದ್ದನ್ನೂ ಕುಡಿದದ್ದನ್ನೂ ತೂಗಿದ, ಮಲಮೂತ್ರಗಳನ್ನೂ ಬಿಡಲಿಲ್ಲ. ವರ್ಷಗಟ್ಟಲೆ ಇದೇ ಕೆಲಸ. ಲೆಕ್ಕ ಹಾಕಿದಾಗ ಅವನಿಗೆ ಆಶ್ಚರ್ಯ ಕಾದಿತ್ತು. 8 ಪೌಂಡ್ ಆಹಾರ ಪಾನೀಯಗಳು ಒಳಗೆ ಹೋದರೆ ಅದರಲ್ಲಿ ಸುಮಾರು 5 ಪೌಂಡ್ ಕಣ್ಣಿಗೆ ಕಾಣದೆಯೇ ದೇಹದಿಂದ ಹೊರಟುಹೋಗುತ್ತಿತ್ತು! ಚರ್ಮ ಮತ್ತು ಉಸಿರಿನ ಮೂಲಕ ಇದು ಹೋಗುತ್ತದೆ ಎಂದು ಅವನು ತರ್ಕಿಸಿ, 1614ರಲ್ಲಿ ಒಂದು ಪುಸ್ತಕದಲ್ಲಿ ತನ್ನ ನಿಷ್ಕರ್ಷೆಗಳನ್ನು ಪ್ರಕಟಿಸಿದ.

ಈ ರಹಸ್ಯದ ಬೀಗ ತೆರೆದವನು ಫ್ರಾನ್ಸಿನ ಲೆವಾಸಿಯೆ. ನಿಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಆಮ್ಲಜನಕದೊಂದಿಗೆ ಈ ಹೆಸರು ಬಂದಿರುತ್ತದೆ. 1780ರ ದಶಕದಲ್ಲಿ ಅವನು ಲಾಪ್ಲಾಸ್ ಎಂಬ ಗಣಿತಜ್ಞನೊಡನೆ ಸೇರಿ, ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಗಿನಿಯಿಲಿಯೊಂದನ್ನು ಇಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದ. ಉಸಿರಾಟವೆಂದರೆ ನಿಧಾನವಾಗಿ ನಡೆಯುವ ಒಂದು ಬಗೆಯ ದಹನ ಎಂಬುದು ಅವನ ತೀರ್ಮಾನ. ಮುಂದೆ ತನ್ನ ಸಹಾಯಕನ ಮೇಲೆಯೇ ಪ್ರಯೋಗ ನಡೆಸಿ, ಸುಮ್ಮನೆ ಕುಳಿತವನಿಗಿಂತ ದುಡಿಯುತ್ತಿರುವವನು ಹೆಚ್ಚು ಆಮ್ಲಜನಕ ಬಳಸುತ್ತಾನೆಂದು ತೋರಿಸಿದ. ದೇಹವೊಂದು ಒಲೆ, ಆಹಾರ ಅದರ ಸೌದೆ, ಚಲನೆ ಅದರ ಉರಿಯನ್ನು ಹೆಚ್ಚಿಸುತ್ತದೆ. 1794ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿಗಳು ಲೆವಾಸಿಯೆಯ ತಲೆ ಕಡಿದರು. ಆದರೆ ಅವನ ಈ ವಿಚಾರ ಉಳಿಯಿತು. ನಾವಿಂದು ಕ್ಯಾಲೊರಿ ಎಂದು ಆಡುವ ಮಾತಿಗೆಲ್ಲ ಇದೇ ತಳಹದಿ.

ಖಗೋಳ ವಿಜ್ಞಾನಿಯ ಸೂತ್ರ

ಇಲ್ಲಿಯವರೆಗೆ ತಕ್ಕಡಿ ಯಾರನ್ನೂ 'ದಪ್ಪ' ಅಥವಾ 'ಸಣಕಲು' ಎಂದು ಕರೆದಿರಲಿಲ್ಲ. ಆ ಮಾತು ಹೊರಟದ್ದು ಸ್ವಲ್ಪ ವಿಚಿತ್ರವಾದ ದಾರಿಯಲ್ಲಿ.

ಬೆಲ್ಜಿಯಂ ದೇಶದ ಅಡಾಲ್ಫ್ ಕೆಟಲೆ (1796–1874) ವೈದ್ಯನಲ್ಲ; ಬ್ರಸೆಲ್ಸ್ ನಗರದ ವೀಕ್ಷಣಾಲಯದ ಖಗೋಳ ವಿಜ್ಞಾನಿ, ಗಣಿತಜ್ಞ. ನಕ್ಷತ್ರಗಳ ಸ್ಥಾನವನ್ನು ಹಲವು ಬಾರಿ ಅಳೆದು ಸರಾಸರಿ ತೆಗೆಯುವಂತೆ ಮನುಷ್ಯರನ್ನೂ ಅಳೆದು 'ಸರಾಸರಿ ಮನುಷ್ಯ'ನನ್ನು ಕಂಡುಹಿಡಿಯಬಹುದೆಂದು ಅವನಿಗೆ ಅನ್ನಿಸಿತು. ಸಾವಿರಾರು ಜನರ ಎತ್ತರ ಮತ್ತು ತೂಕಗಳನ್ನು ಕಲೆಹಾಕಿದಾಗ, ವಯಸ್ಕರಲ್ಲಿ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು 1830ರ ದಶಕದ ಹೊತ್ತಿಗೆ ಅವನಿಗೆ ಕಂಡುಬಂತು. ಅವನ ಆಸಕ್ತಿ ಇದ್ದದ್ದು ಇಡೀ ಸಮಾಜದ ಅಂಕಿಅಂಶಗಳಲ್ಲಿ. ಯಾವ ಒಬ್ಬ ವ್ಯಕ್ತಿಯ ಆರೋಗ್ಯವನ್ನೂ ಅಳೆಯಲು ಅವನು ಹೊರಟಿರಲಿಲ್ಲ.

ವ್ಯಕ್ತಿಗೆ ತೀರ್ಪು ಕೊಡುವ ಕೆಲಸ ಮಾಡಿದ್ದು ವಿಮಾ ಕಂಪನಿಗಳು. ಯಾರು ಬೇಗ ಸಾಯುತ್ತಾರೆ, ಯಾರು ಹೆಚ್ಚು ಕಾಲ ಬದುಕಿ ಕಂತು ಕಟ್ಟುತ್ತಾರೆ ಎಂಬುದು ಅವುಗಳ ವ್ಯಾಪಾರದ ಪ್ರಶ್ನೆ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿ 1940ರ ದಶಕದ ಆರಂಭದಲ್ಲಿ ತನ್ನ ವಿಮಾದಾರರ ಲೆಕ್ಕಗಳ ಆಧಾರದ ಮೇಲೆ 'ಆದರ್ಶ ತೂಕ'ದ ಪಟ್ಟಿಯನ್ನು ಹೊರತಂದಿತು. 1959ರಲ್ಲಿ ಅದನ್ನು ಪರಿಷ್ಕರಿಸಿ 'ಅಪೇಕ್ಷಣೀಯ ತೂಕ' ಎಂದು ಕರೆಯಿತು. ವ್ಯಾಪಾರಕ್ಕಾಗಿ ಮಾಡಿದ ಪಟ್ಟಿ ವೈದ್ಯರ ಗೋಡೆಗೆ ಬಂತು, ಅಲ್ಲಿಂದ ಮನೆಗಳ ಮಾತಿಗೂ ಬಂತು.

1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ 7,400ಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಪರಿಶೀಲಿಸಿದರು. ಎತ್ತರ ಮತ್ತು ತೂಕಗಳಿಂದ ಲೆಕ್ಕಹಾಕುವ ಹಲವು ಸರಳ ಸೂತ್ರಗಳಲ್ಲಿ ಕೆಟಲೆಯ ಹಳೆಯ ಸೂತ್ರವೇ ಮೇಲೆಂದು ಹೇಳಿ ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟರು. ನಾವು ಬಿ.ಎಂ.ಐ. ಎನ್ನುವುದು ಇದನ್ನೇ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. 1.60 ಮೀಟರ್ ಎತ್ತರ, 56 ಕಿಲೋ ತೂಕದವರ ಬಿ.ಎಂ.ಐ. ಸುಮಾರು 21.9.

ಗಮನಿಸಿ: ಈ ಲೆಕ್ಕಕ್ಕೆ ಆಧಾರವಾದವರು ವಯಸ್ಕ ಪುರುಷರು. ಅಲ್ಲಿ ಹದಿನೈದರ ಹುಡುಗನಿಲ್ಲ, ಹದಿಮೂರರ ಹುಡುಗಿಯಿಲ್ಲ. ಈ ಮಾತನ್ನು ಹಾಗೆಯೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಸಿವಿನ ಪಾಠ

ಇದೇ ಆನ್ಸೆಲ್ ಕೀಸ್ ಅದಕ್ಕೂ ಮೊದಲು ಇನ್ನೊಂದು ದೊಡ್ಡ ಪ್ರಯೋಗ ನಡೆಸಿದ್ದ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಹಸಿದು ಕಂಗಾಲಾಗಿದ್ದ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಬಡಿಸಬೇಕೆಂದು ತಿಳಿಯಬೇಕಿತ್ತು. 1944ರ ನವೆಂಬರ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 36 ಮಂದಿ ಆರೋಗ್ಯವಂತ ತರುಣರು ಸ್ವಇಚ್ಛೆಯಿಂದ ಪ್ರಯೋಗಕ್ಕೆ ಒಪ್ಪಿಕೊಂಡರು. ಅವರೆಲ್ಲ ಯುದ್ಧದಲ್ಲಿ ಕೊಲ್ಲಲು ಆತ್ಮಸಾಕ್ಷಿ ಒಪ್ಪದೆ, ಬೇರೆ ಸೇವೆಯನ್ನು ಆರಿಸಿಕೊಂಡವರು. ಮೊದಲು ಸಾಧಾರಣ ಊಟ; ಆನಂತರ 24 ವಾರಗಳ ಕಾಲ ಅರೆಹೊಟ್ಟೆ. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ.

ಪೂರ್ಣ ಉಪವಾಸವಲ್ಲ ಅದು. ಆದರೂ ಅವರು ತಮ್ಮ ತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ಮೈ ತಣ್ಣಗಾಯಿತು, ಹೃದಯದ ಬಡಿತ ನಿಧಾನವಾಯಿತು, ಶಕ್ತಿ ಕುಗ್ಗಿತು. ಮನಸ್ಸಿನಲ್ಲಿ ಆದ ಬದಲಾವಣೆ ಇನ್ನೂ ಹೆಚ್ಚಿನದು. ಹಗಲೂ ಇರುಳೂ ಊಟದ್ದೇ ಯೋಚನೆ. ಅಡುಗೆ ಪುಸ್ತಕಗಳನ್ನು ಕತೆಪುಸ್ತಕದಂತೆ ಓದುವುದು. ಸಣ್ಣ ವಿಷಯಕ್ಕೂ ಸಿಡುಕು. ಗೆಳೆಯರ ಸಹವಾಸವೂ ಬೇಡ. ಮತ್ತೆ ಊಟ ಕೊಟ್ಟಾಗ ಎಷ್ಟು ತಿಂದರೂ ತೃಪ್ತಿಯಿಲ್ಲ. ತೂಕ ಮರಳಿ ಬಂದಾಗ ಮೊದಲು ಸೇರಿದ್ದು ಹೆಚ್ಚಾಗಿ ಕೊಬ್ಬು. ಈ ವಿವರಗಳೆಲ್ಲ 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾದವು.

ಅಡ್ಡದಾರಿ ಹಿಡಿದವರ ಕತೆಯೂ ಉಂಟು. 1933ರಲ್ಲಿ ಅಮೆರಿಕದಲ್ಲಿ ಡೈನೈಟ್ರೊಫಿನಾಲ್ ಎಂಬ ರಾಸಾಯನಿಕ ತೂಕ ಇಳಿಸುತ್ತದೆಂದು ವರದಿಯಾಯಿತು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ವಸ್ತು ಅದು. ಲೆವಾಸಿಯೆ ಹೇಳಿದ ಒಲೆಯನ್ನು ಅದು ಅಂಕೆಯಿಲ್ಲದೆ ಉರಿಸುತ್ತಿತ್ತು. ಸುಮಾರು 1 ಲಕ್ಷ ಜನ ಸೇವಿಸಿದರೆಂಬ ಅಂದಾಜಿದೆ. ತೂಕವೇನೋ ಇಳಿಯಿತು; ಆದರೆ ಹಲವರ ಕಣ್ಣಿಗೆ ಪೊರೆ ಬಂತು, ಕೆಲವರು ಜ್ವರವೇರಿ ಸತ್ತರು. 1938ರ ಹೊಸ ಕಾನೂನಿನ ನಂತರ ಅದು ಅಲ್ಲಿ ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಘೋಷಿಸಲ್ಪಟ್ಟಿತು. 'ತಿಂಗಳಲ್ಲಿ 10 ಕಿಲೋ ಇಳಿಸಿ' ಎಂಬ ಜಾಹೀರಾತು ಕಂಡಾಗಲೆಲ್ಲ ಈ ಪುಡಿಯ ಕತೆ ನೆನಪಿರಲಿ.

ಎರಡಂತಸ್ತಿನ ಬಸ್ಸು

ಈಗ ಮೆಟ್ಟಿಲಿನ ಚರಿತ್ರೆಗೆ ಬರೋಣ. ಇದು ನನಗೆ ಬಹಳ ಪ್ರಿಯವಾದ ಅಧ್ಯಾಯ.

ಯುದ್ಧದ ನಂತರ ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರ ಹೃದಯಾಘಾತಗಳು ಹೆಚ್ಚುತ್ತಿದ್ದವು. ಕಾರಣ ಸ್ಪಷ್ಟವಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯ ಜನರ ಉದ್ಯೋಗಗಳನ್ನು ಹೋಲಿಸಿ ನೋಡಲು ನಿರ್ಧರಿಸಿದರು. ಲಂಡನ್ ಸಾರಿಗೆ ಸಂಸ್ಥೆಯಲ್ಲಿ ಅವರಿಗೆ ಒಂದು ಸಹಜವಾದ ಪ್ರಯೋಗವೇ ಸಿಕ್ಕಿತು. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೂ ಓಡುತ್ತಿದ್ದಂಥ ಎರಡಂತಸ್ತಿನ ಬಸ್ಸುಗಳು ಅವು. ಒಂದೇ ಬಸ್ಸಿನಲ್ಲಿ ಇಬ್ಬರು ನೌಕರರು. ಹೆಚ್ಚುಕಡಿಮೆ ಒಂದೇ ವರ್ಗದಿಂದ ಬಂದವರು, ಒಂದೇ ಸಂಸ್ಥೆ, ಒಂದೇ ಹೊಗೆ, ಒಂದೇ ರಸ್ತೆ. ಚಾಲಕ ತನ್ನ ಪಾಳಿಯ ಶೇಕಡ 90ರಷ್ಟು ಸಮಯ ಕುಳಿತೇ ಇರುತ್ತಾನೆ. ನಿರ್ವಾಹಕ ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ.

35ರಿಂದ 64 ವಯಸ್ಸಿನ ಸುಮಾರು 31 ಸಾವಿರ ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ, 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮಾರಿಸ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ. ಬಂದರೂ ಅದು ಅಷ್ಟು ಮಾರಕವಲ್ಲ. ಅಂಚೆ ಇಲಾಖೆಯಲ್ಲೂ ಅದೇ ಕತೆ: ನಡೆದು, ಸೈಕಲ್ ತುಳಿದು ಕಾಗದ ಹಂಚುವ ಅಂಚೆಯವರು ಮೇಜಿನ ಮುಂದೆ ಕುಳಿತ ಗುಮಾಸ್ತರಿಗಿಂತ ಸುರಕ್ಷಿತರು.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿ ಒಂದು ಆಕ್ಷೇಪ ಎತ್ತಬೇಕು. 'ಮೊದಲೇ ದಪ್ಪಗಿದ್ದವರು ಚಾಲಕರಾಗಿರಬಹುದಲ್ಲ?' ಮಾರಿಸ್ ತಮ್ಮನ್ನು ತಾವೇ ಈ ಪ್ರಶ್ನೆ ಕೇಳಿಕೊಂಡರು. ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಲೆಕ್ಕಪುಸ್ತಕ ತರಿಸಿ, ಪ್ಯಾಂಟುಗಳ ಸೊಂಟದ ಅಳತೆಗಳನ್ನು ಹೋಲಿಸಿದರು! 1956ರ ಆ ಲೇಖನದ ಪ್ರಕಾರ ಚಾಲಕರ ಸೊಂಟ ನಿಜಕ್ಕೂ ದೊಡ್ಡದಿತ್ತು. ಕೆಲಸಕ್ಕೆ ಸೇರುವಾಗಲೇ ವ್ಯತ್ಯಾಸವಿತ್ತು. ಆದರೆ ಮುಂದಿನ ಅಧ್ಯಯನಗಳಲ್ಲಿ ತಿಳಿದದ್ದು ಬೇರೆ. ತೆಳ್ಳಗಿರಲಿ, ಸಾಧಾರಣವಿರಲಿ, ದಪ್ಪವಿರಲಿ, ನಿರ್ವಾಹಕರ ಅನುಕೂಲ ಉಳಿದೇ ಇತ್ತು. ಆನಂತರ ಅವರು ಕುಳಿತು ಕೆಲಸ ಮಾಡುವ ಸುಮಾರು 18 ಸಾವಿರ ಸರ್ಕಾರಿ ನೌಕರರನ್ನು ಅಧ್ಯಯನ ಮಾಡಿ, ಬಿಡುವಿನಲ್ಲಿ ಈಜು, ಆಟ, ಬಿರುಸಿನ ನಡಿಗೆಯಂಥ ಚಟುವಟಿಕೆ ಇಟ್ಟುಕೊಂಡವರ ಹೃದಯಕ್ಕೆ ರಕ್ಷಣೆ ಇದೆಯೆಂದು ಕಂಡರು. ಸ್ವತಃ ವ್ಯಾಯಾಮ ಬಿಡದ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ತಕ್ಕಡಿ ಹೇಳಲಾರದ ಸತ್ಯವನ್ನು ಮೆಟ್ಟಿಲು ಹೇಳಿತು. ಚಲನೆಯ ಲಾಭ ತೂಕ ಇಳಿದರೆ ಮಾತ್ರ ಸಿಗುವಂಥದ್ದಲ್ಲ. ತೂಕ ಅಷ್ಟೇ ಇದ್ದರೂ ಹೃದಯಕ್ಕೆ, ರಕ್ತನಾಳಕ್ಕೆ, ಸ್ನಾಯುವಿಗೆ ಅದು ಸಲ್ಲುತ್ತದೆ.

ಮಕ್ಕಳ ಸರದಿ

ಅದೇ ಸುಮಾರಿಗೆ ಅಮೆರಿಕದಲ್ಲಿ ಹಾನ್ಸ್ ಕ್ರಾಸ್ ಎಂಬ ವೈದ್ಯ ಮತ್ತು ಸಹೋದ್ಯೋಗಿಗಳು ಶಾಲಾ ಮಕ್ಕಳಿಗೆ ಆರು ಸರಳ ಪರೀಕ್ಷೆ ಕೊಟ್ಟರು. ಮಂಡಿ ಮಡಿಸದೆ ಬಗ್ಗಿ ನೆಲ ಮುಟ್ಟುವುದು, ಮಲಗಿದಲ್ಲಿಂದ ಎದ್ದು ಕೂರುವುದು, ಇಂಥವೇ. ಒಂದರಲ್ಲಾದರೂ ನಪಾಸಾದ ಅಮೆರಿಕದ ಮಕ್ಕಳು ಶೇಕಡ 57.9, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್‌ಗಳ ಮಕ್ಕಳಲ್ಲಿ ಶೇಕಡ 8.7 ಮಾತ್ರ. ಸಿರಿವಂತ ದೇಶದ ಮಕ್ಕಳಿಗೆ ಕಾರು, ಶಾಲಾ ಬಸ್ಸು, ಲಿಫ್ಟು ಇದ್ದವು. ನಡೆಯುವ ಅಗತ್ಯವೇ ಇರಲಿಲ್ಲ. ಸುದ್ದಿ ಅಧ್ಯಕ್ಷ ಐಸೆನ್‌ಹೋವರ್‌ವರೆಗೆ ಹೋಯಿತು. 1956ರಲ್ಲಿ ಯುವಜನರ ದೇಹದಾರ್ಢ್ಯಕ್ಕಾಗಿ ಅಲ್ಲಿ ಒಂದು ರಾಷ್ಟ್ರೀಯ ಮಂಡಳಿಯೇ ಆರಂಭವಾಯಿತು.

ಇಂದು ಈ ಪರೀಕ್ಷೆ ಇಡೀ ಜಗತ್ತಿನದು. 2016ರವರೆಗಿನ ಅಂಕಿಅಂಶಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ ಲೆಕ್ಕ ಹಾಕಿದಾಗ, 11ರಿಂದ 17 ವಯಸ್ಸಿನವರಲ್ಲಿ ಶೇಕಡ 81 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಶೇಕಡ 78, ಹುಡುಗಿಯರಲ್ಲಿ 85. ಈ ಏಳು ಅಂಕಗಳ ಅಂತರವನ್ನು ಹುಡುಗಿಯರ ಸೋಮಾರಿತನ ಎನ್ನಬೇಡಿ. 'ದೊಡ್ಡವಳಾದೆ, ಇನ್ನು ಕುಂಟೆಬಿಲ್ಲೆ ಸಾಕು' ಎಂದು ಅಂಗಳದಿಂದ ಒಳಗೆ ಕರೆಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ನಮ್ಮ ನಾಡಿನಿಂದ ಬಂದ ಎರಡು ಸಾಕ್ಷ್ಯಗಳು

ನಮ್ಮಲ್ಲಿ ದೇಹಸಾಧನೆಗೆ ಕೊರತೆಯಿರಲಿಲ್ಲ. ಊರೂರಿನ ಗರಡಿಮನೆಗಳು, ಮೈಸೂರಿನ ಕುಸ್ತಿ ಅಖಾಡಗಳು ನಿಮಗೆ ಗೊತ್ತು. 'ಶಾಂತಲಾ' ಕಾದಂಬರಿಯ ಕರ್ತೃ ಎಂದು ನಿಮಗೆ ಪರಿಚಯವಿರುವ ಕೆ. ವಿ. ಅಯ್ಯರ್ (1897–1980) ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಒಟ್ಟಿಗೆ ಕಲಿಸಿದವರು.

ಆದರೆ ವಿಜ್ಞಾನಕ್ಕೆ ಮೈಸೂರು ಕೊಟ್ಟ ಸಾಕ್ಷ್ಯ ಒಂದು ಆಸ್ಪತ್ರೆಯ ಹಳೆಯ ದಾಖಲೆ ಪುಸ್ತಕಗಳಲ್ಲಿತ್ತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಸಂಶೋಧಕರು 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಮೈಸೂರಿನಲ್ಲೇ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಹಗುರವಾಗಿದ್ದವರಲ್ಲಿ ನಡುವಯಸ್ಸಿನ ಹೃದಯರೋಗ ಹೆಚ್ಚಾಗಿತ್ತು. ಇಂದಿನ ಆರೋಗ್ಯದ ಬೇರುಗಳು ಅಮ್ಮನ ಊಟದವರೆಗೂ ಹೋಗುತ್ತವೆ.

ಎರಡನೆಯದು 2004ರ ಒಂದು ಛಾಯಾಚಿತ್ರ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿ.ಎಂ.ಐ. ಒಂದೇ: 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ದೇಹದಲ್ಲಿ 21.2! ತೆಳ್ಳಗೆ ಕಂಡರೂ ನಮ್ಮ ಜನರ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬುದನ್ನು ಈ ಒಂದು ಚಿತ್ರ ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ವಯಸ್ಕರು 25ರ ಬದಲು 23ರಿಂದಲೇ ಎಚ್ಚರ ವಹಿಸಬೇಕೆಂದು ಸೂಚಿಸಿದರು. ಇದರಿಂದ 'ಕಡ್ಡಿ ಪೈಲ್ವಾನ್'ಗೂ ಪಾಠವಿದೆ. ತೆಳ್ಳಗಿರುವುದು ಆರೋಗ್ಯದ ಪ್ರಮಾಣಪತ್ರವಲ್ಲ. ಅವನೂ ಮೈದಾನಕ್ಕೆ ಇಳಿಯಬೇಕು.

ನಿಮ್ಮ ವಯಸ್ಸಿನ ಲೆಕ್ಕ

ಈಗ ಆಗಲೇ ನೆನಪಿಟ್ಟುಕೊಳ್ಳಲು ಹೇಳಿದ ಮಾತಿಗೆ ಬರೋಣ. ಹರೆಯದಲ್ಲಿ ದೇಹ ತೂಕ ಹೆಚ್ಚಿಸಿಕೊಳ್ಳಲೇಬೇಕು. ಎತ್ತರ ಏರುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಹುಡುಗರಲ್ಲಿ ಸ್ನಾಯು ತುಂಬುತ್ತದೆ, ಹುಡುಗಿಯರಲ್ಲಿ ಸಹಜವಾಗಿಯೇ ಕೊಬ್ಬಿನ ಪ್ರಮಾಣ ಸ್ವಲ್ಪ ಏರುತ್ತದೆ. ಕೆಲವರಿಗೆ ಇದು ಹನ್ನೊಂದಕ್ಕೇ ಬರುತ್ತದೆ, ಕೆಲವರಿಗೆ ಹದಿನೈದಕ್ಕೆ. ಆದ್ದರಿಂದಲೇ ವಯಸ್ಕರ ಪಟ್ಟಿ ನಿಮಗೆ ಸಲ್ಲದು. 5ರಿಂದ 19 ವಯಸ್ಸಿನವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಬೇರೆ ಬೆಳವಣಿಗೆಯ ನಕ್ಷೆಗಳನ್ನು ಕೊಟ್ಟಿತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳ ನಕ್ಷೆಗಳನ್ನು ಪರಿಷ್ಕರಿಸಿತು. ಅವುಗಳಲ್ಲಿ ವಯಸ್ಸೂ ಲಿಂಗವೂ ಲೆಕ್ಕಕ್ಕೆ ಬರುತ್ತವೆ. ಚಿಂತೆಯಿದ್ದರೆ ವೈದ್ಯರ ಬಳಿ ಆ ನಕ್ಷೆಯಲ್ಲಿ ಗುರುತು ಹಾಕಿಸಿ. ಕನ್ನಡಿಯ ಮುಂದೆ ತೀರ್ಮಾನ ಮಾಡಬೇಡಿ. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ವೈದ್ಯರು ತೂಕ ಇಳಿಸಲು ಹೇಳುವುದಿಲ್ಲ. ತೂಕ ಏರದಂತೆ ನೋಡಿಕೊಂಡರೆ ಎತ್ತರವೇ ಅದನ್ನು ಸರಿದೂಗಿಸುತ್ತದೆ.

ಊಟದ ವಿಷಯದಲ್ಲಿ ಮಿನೆಸೋಟದ ತರುಣರನ್ನು ಮರೆಯಬೇಡಿ. ತಿಂಡಿ ಬಿಡಬೇಡಿ. ಮುದ್ದೆಯೋ ರೊಟ್ಟಿಯೋ ಅನ್ನವೋ, ಮನೆಯಲ್ಲಿರುವುದು ಇರಲಿ. ಅದರ ಜೊತೆ ಸೊಪ್ಪು, ಕಾಳು, ತರಕಾರಿ, ಮಜ್ಜಿಗೆ ಹೆಚ್ಚಲಿ. ಬಾಟಲಿಯ ಸಿಹಿ ಪಾನೀಯ, ಪೊಟ್ಟಣದ ಕುರುಕಲು ದಿನನಿತ್ಯದ್ದಾಗದಿರಲಿ. 8ರಿಂದ 10 ಗಂಟೆ ನಿದ್ರೆ ಮಾಡಿ. ಊಟ ಕಂಡರೆ ಭಯವಾಗುವುದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಗುಟ್ಟಾಗಿ ಉಪವಾಸವಿರುವುದು ಇದ್ದರೆ ಅದನ್ನು ಕಾಯಿಲೆಯೆಂದೇ ತಿಳಿದು ನಂಬಿಕೆಯ ಹಿರಿಯರಿಗೆ, ವೈದ್ಯರಿಗೆ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಚಲನೆಯ ಲೆಕ್ಕ ಸುಲಭ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ. ವಾರಕ್ಕೆ 3 ದಿನವಾದರೂ ಏದುಸಿರು ಬರುವಂಥದ್ದು, ಮೂಳೆ ಸ್ನಾಯುಗಳನ್ನು ಬಲಪಡಿಸುವಂಥದ್ದು. ಹೀಗೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅರುವತ್ತೂ ನಿಮಿಷ ಒಟ್ಟಿಗೇ ಆಗಬೇಕಿಲ್ಲ. ಶಾಲೆಗೆ ಸೈಕಲ್, ಸಂಜೆ ಖೊಖೊ, ಕಬಡ್ಡಿ, ಲಗೋರಿ, ಹಗ್ಗದಾಟ, ಕೋಲಾಟ, ಬಾವಿಯಿಂದ ನೀರು ಸೇದುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪರೀಕ್ಷೆಯ ವರ್ಷವೆಂದು ಆಟದ ಅವಧಿಯನ್ನು ಗಣಿತಕ್ಕೆ ಕೊಡುವ ಶಾಲೆಗಳಿಗೆ, ಆ ಅವಧಿಯನ್ನು ನಮಗೇ ಬಿಡಿ ಎಂದು ನೀವು ವಿನಯದಿಂದ ಕೇಳಬಹುದು. ನಿಮ್ಮ ಪರವಾಗಿ ಇಷ್ಟೆಲ್ಲ ಚರಿತ್ರೆ ಇದೆ.

ದೂರದರ್ಶನದ ಕಾರ್ಯಕ್ರಮ ರೂಪಿಸುವ ನನ್ನಂಥವರ ವೃತ್ತಿಯೇ ಜನರನ್ನು ಕುಳಿತಲ್ಲೇ ಕೂರಿಸುವುದು. ಆದ್ದರಿಂದ ಈ ಮಾತನ್ನು ನಮ್ಮ ವಿರುದ್ಧವೂ ಹೇಳಿಕೊಳ್ಳಬೇಕು: ಕಾರ್ಯಕ್ರಮ ಮುಗಿದೊಡನೆ ಏಳಿ. ಒಂದು ವಾರ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಿದಿರಿ, ಎಷ್ಟು ನಿಮಿಷ ನಡೆದಿರಿ, ಎಷ್ಟು ಹೊತ್ತು ಆಡಿದಿರಿ, ಎಷ್ಟು ಗಂಟೆ ಪರದೆಯ ಮುಂದೆ ಕುಳಿತಿರಿ. ವಾರದ ಕೊನೆಗೆ ಗೆಳೆಯ ಗೆಳತಿಯರೊಡನೆ ಹೋಲಿಸಿ ನೋಡಿ. ತೂಕವನ್ನು ಹೋಲಿಸಬೇಡಿ, ಮೆಟ್ಟಿಲುಗಳನ್ನು ಹೋಲಿಸಿ. ಲಂಡನ್ನಿನ ನಿರ್ವಾಹಕನ 500ರ ಹತ್ತಿರ ನಿಮ್ಮಲ್ಲಿ ಯಾರು ಬರುತ್ತೀರಿ?